ಒರಟು ಫ್ಯಾಂಟಸಿ ಆಟಗಳಲ್ಲಿ ಯಾವುದನ್ನು ಹಾಕಿಕೊಳ್ಳಬೇಕು? ಮೊದಲ ಎರಡು ತಾಸಿನ ಲೆಕ್ಕ

ಪಿಯುಸಿ ಪರೀಕ್ಷೆ ಮುಗಿದ ಮಾರನೇ ದಿನ ನಮ್ಮ ಸೋದರಮಾವನ ಮಗ ಲ್ಯಾಪ್‌ಟಾಪ್ ಬಗಲಲ್ಲಿ ಹಿಡಿದು ಬಾಗಲಕೋಟೆಯ ನವನಗರದಲ್ಲಿರುವ ನಮ್ಮ ಮನೆಗೆ ಬಂದ. ಮುಖ ಸಪ್ಪೆಯಾಗಿತ್ತು. ನಾನು ಹೇಳಿದೆ ಅಂತ 'ಗೋಥಿಕ್' ಆಟ ಕೊಂಡಿದ್ದ. ಇಪ್ಪತ್ತು ನಿಮಿಷ ಆಡಿ ತೆಗೆದುಹಾಕಿದ್ದ.

"ಅಣ್ಣಾ, ಅವಂಗ ಕತ್ತಿ ಹಿಡಿಯಾಕೂ ಬರೂದಿಲ್ಲ. ಕೋಳಿಯಂಥಾದ್ದೊಂದು ಪ್ರಾಣಿ ಬಂದು ಕುಕ್ಕಿ ಕೊಂದ ಹಾಕ್ತು. ಇದೇನ್ ಆಟ?"

ಅವನು ಹೇಳಿದ ಎರಡೂ ಮಾತು ನಿಜ. ಆ ನಾಯಕನಿಗೆ ಕತ್ತಿ ಹಿಡಿಯಲು ಬರುವುದಿಲ್ಲ. ಬರಬಾರದು ಅಂತಲೇ ಹಾಗೆ ಮಾಡಿದ್ದಾರೆ. ಆದರೆ ಇದನ್ನು ನಾನು ಮೊದಲೇ ಹೇಳಬೇಕಿತ್ತು. ಅವನಂತೆ ಇನ್ನೂ ಎಷ್ಟೋ ಜನ ಮೊದಲ ಅರ್ಧ ತಾಸಿನಲ್ಲೇ ಒಳ್ಳೆಯ ಆಟವನ್ನು ಕೈಬಿಡುತ್ತಾರೆ. ಕೆಲವರು ಕೆಟ್ಟ ಆಟಕ್ಕೆ ಒಂದು ವಾರ ಸುರಿಯುತ್ತಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಹೇಳುತ್ತಿರುವುದು ಕಡಿಮೆ ದುಡ್ಡಿನಲ್ಲಿ, ಕಡಿಮೆ ಜನ ಸೇರಿ ಮಾಡಿದ ಫ್ಯಾಂಟಸಿ ರೋಲ್ ಪ್ಲೇಯಿಂಗ್ ಆಟಗಳ ಬಗ್ಗೆ, ಅಂದರೆ ಮಾಯಾಲೋಕದಲ್ಲಿ ಒಂದು ಪಾತ್ರವಾಗಿ ಬೆಳೆಯುತ್ತಾ ಆಡುವ ಕಂಪ್ಯೂಟರ್ ಆಟಗಳು. ಜರ್ಮನಿ, ಪೋಲೆಂಡ್, ಫ್ರಾನ್ಸ್ ಕಡೆಯ ಸಣ್ಣ ಕಂಪನಿಗಳಿಂದ ಇಂಥವು ಜಾಸ್ತಿ ಬಂದಿವೆ. ಹಾಗಾಗಿ ಆಡುವವರು ಇವಕ್ಕೆ 'ಯೂರೋಜ್ಯಾಂಕ್' ಅಂತ, ಅಂದರೆ ಯೂರೋಪಿನ ಒರಟು ಸರಕು ಅಂತ ಹೆಸರಿಟ್ಟಿದ್ದಾರೆ. ಬೈಗುಳದಂತೆ ಕೇಳಿಸುತ್ತದೆ, ಆದರೆ ಹೇಳುವವರ ದನಿಯಲ್ಲಿ ಪ್ರೀತಿಯೇ ಜಾಸ್ತಿ. ನಮ್ಮಂಥವರಿಗೆ ಇವು ಯಾಕೆ ಹೊಂದುತ್ತವೆ ಅನ್ನುವುದಕ್ಕೆ ಕಾರಣ ಸರಳ. 'ಬಾಲ್ಡರ್ಸ್ ಗೇಟ್ 3' ಅನ್ನುವ ದೊಡ್ಡ ದುಡ್ಡಿನ ಆಟ ಹಾಕಿಕೊಳ್ಳಲು 150 ಜಿಬಿ ಜಾಗ ಬೇಕು. ಫೋನಿನ ಹಾಟ್‌ಸ್ಪಾಟ್‌ನಲ್ಲಿ ಅದನ್ನು ಇಳಿಸಿಕೊಳ್ಳುವುದು ಆಗುವ ಮಾತಲ್ಲ. ಇಳಿಸಿಕೊಂಡರೂ ಕಾಲೇಜಿಗೆಂದು ಕೊಡಿಸಿದ ಲ್ಯಾಪ್‌ಟಾಪ್ ಅದನ್ನು ಓಡಿಸುವುದಿಲ್ಲ. ಈ ಒರಟು ಆಟಗಳಲ್ಲಿ ಕೆಲವು ಅದೇ ಲ್ಯಾಪ್‌ಟಾಪ್‌ನಲ್ಲಿ ಆರಾಮಾಗಿ ಓಡುತ್ತವೆ. ದರ ಇಳಿಸಿದಾಗ ಕೊಂಡರೆ ಬಹಳ ಅಗ್ಗ.

ಒರಟುತನದಲ್ಲೂ ಬೇರೆ ಬೇರೆ ಇವೆ

ಆಟ ಆರಿಸುವ ಮುಂಚೆ ಇದನ್ನು ತಿಳಿದುಕೊಂಡರೆ ಅರ್ಧ ಕೆಲಸ ಮುಗಿಯಿತು.

ಮೊದಲನೆಯದು ಮುಖದ ಒರಟು. ಮನುಷ್ಯರ ಮುಖ ಹಲಗೆಯಂತೆ ಇರುತ್ತದೆ. ತುಟಿ ಒಂದು ಕಡೆ, ಮಾತು ಒಂದು ಕಡೆ. ಒಂದೇ ಮುಖ ಮೂರು ಊರಲ್ಲಿ ಕಾಣುತ್ತದೆ. ಇದು ಬರೀ ದುಡ್ಡಿನ ಕೊರತೆ. ಹತ್ತು ಹದಿನೈದು ನಿಮಿಷಕ್ಕೆ ಕಣ್ಣು ಒಗ್ಗಿಕೊಳ್ಳುತ್ತದೆ. ಇದಕ್ಕಾಗಿ ಯಾವ ಆಟವನ್ನೂ ಬಿಡಬೇಡಿ.

ಎರಡನೆಯದು ಕೈಯ ಒರಟು. ಯಾವ ಕೀ ಒತ್ತಿದರೆ ಏನಾಗುತ್ತದೆ ತಿಳಿಯುವುದಿಲ್ಲ. ಓಡುವುದು, ತಿರುಗುವುದು, ಹೊಡೆಯುವುದು ಎಲ್ಲ ಬೇರೆ ಆಟಗಳಂತೆ ಇರುವುದಿಲ್ಲ. ಇದಕ್ಕೆ ಎರಡು ತಾಸು ಕೊಡಿ. ಅಷ್ಟರಲ್ಲಿ ಬೆರಳು ತಾನಾಗಿ ಹೋಗಬೇಕು. ಹೋಗಲಿಲ್ಲ ಅಂದರೆ ಆ ಆಟ ನಿಮಗಲ್ಲ, ಬೇಸರ ಬೇಡ.

ಮೂರನೆಯದು ಬುಡದ ಒರಟು. ಆಟ ನಡುವೆ ನಿಂತುಹೋಗುವುದು, ಅಲ್ಲಿಯವರೆಗೆ ಆಡಿದ್ದನ್ನು ಉಳಿಸಿಟ್ಟ ಸೇವ್ ಫೈಲ್ ಕೆಡುವುದು, ಮುಗಿಸಲೇಬೇಕಾದ ಕೆಲಸವೊಂದು ಪ್ರೋಗ್ರಾಮಿನ ತೂತಿನಿಂದಾಗಿ (ಬಗ್) ಮುಗಿಯದೇ ಇರುವುದು. ಇದಕ್ಕೆ ಕ್ಷಮೆ ಇಲ್ಲ. ಹಿಂದೆ ಒಂದು ಆಟದಲ್ಲಿ ಒಂಬತ್ತು ತಾಸು ಆಡಿದ ಮೇಲೆ ನನ್ನ ಸೇವ್ ತೆರೆಯಲೇ ಇಲ್ಲ. ಅದರ ಹೆಸರು ಇಲ್ಲಿ ಬೇಡ. ಅಂದಿನಿಂದ ನಾನು ಒಂದೇ ಸೇವ್ ಮೇಲೆ ಮತ್ತೆ ಮತ್ತೆ ಬರೆಯುವುದನ್ನು ಬಿಟ್ಟೆ. ಬೇರೆ ಬೇರೆ ಐದು ಸೇವ್ ಇಟ್ಟುಕೊಂಡು ಸುತ್ತಿಸುತ್ತೇನೆ. ನೀವೂ ಹಾಗೇ ಮಾಡಿ.

ಇಷ್ಟೆಲ್ಲ ಒರಟಿನ ನಡುವೆ ಮೊದಲ ಎರಡು ತಾಸಿನಲ್ಲಿ ನಾನು ಹುಡುಕುವುದು ಒಂದೇ ವಿಷಯ. ಆ ಲೋಕ ನನ್ನನ್ನು ಗಮನಿಸುತ್ತದಾ? ನಾನು ಒಬ್ಬರ ಮನೆಯೊಳಗೆ ಹೋದರೆ ಯಾರಾದರೂ "ಯಾರೋ ನೀನು?" ಅಂತ ಕೇಳುತ್ತಾರಾ? ನಾನು ಸೋತರೆ ಏನಾದರೂ ಬದಲಾಗುತ್ತದಾ? ಚಂದದ ಮುಖ ದುಡ್ಡಿನಿಂದ ಬರುತ್ತದೆ. ಇದು ಬರುವುದು ಮಾಡಿದವರು ಕೂತು ಯೋಚಿಸಿದ್ದರಿಂದ.

ಎರಡು ತಾಸು ಅಂತ ನಾನು ಒತ್ತಿ ಹೇಳುವುದಕ್ಕೆ ಇನ್ನೊಂದು ಕಾರಣ ಇದೆ. ಸ್ಟೀಮ್ ಅನ್ನುವ ಆನ್‌ಲೈನ್ ಅಂಗಡಿಯಲ್ಲಿ ಕೊಂಡ ಆಟವನ್ನು 14 ದಿನದೊಳಗೆ, ಎರಡು ತಾಸಿಗಿಂತ ಕಡಿಮೆ ಆಡಿದ್ದರೆ, ವಾಪಸ್ ಮಾಡಿ ದುಡ್ಡು ಪಡೆಯಬಹುದು. ಆಟ ತೆರೆದಿಟ್ಟು ಸೆಟ್ಟಿಂಗ್ ಬದಲಾಯಿಸುತ್ತಾ ಕೂತರೂ ಆ ಗಡಿಯಾರ ಓಡುತ್ತದೆ, ಊಟಕ್ಕೆ ಎದ್ದು ಹೋದರೂ ಓಡುತ್ತದೆ. ಹಾಗಾಗಿ ಒಂದೂವರೆ ತಾಸಿಗೆ ಫೋನಿನಲ್ಲಿ ಅಲಾರಾಂ ಇಟ್ಟುಕೊಳ್ಳಿ. ಜಿಒಜಿ ಅನ್ನುವ ಇನ್ನೊಂದು ಆನ್‌ಲೈನ್ ಅಂಗಡಿಯಲ್ಲಿ 30 ದಿನದವರೆಗೆ ಅವಕಾಶ ಇದೆ. ಜೊತೆಗೆ ಅಲ್ಲಿ ಇನ್‌ಸ್ಟಾಲರ್ ಫೈಲನ್ನೇ ಇಳಿಸಿ ಹಾರ್ಡ್ ಡಿಸ್ಕ್‌ನಲ್ಲಿ ಇಟ್ಟುಕೊಳ್ಳಬಹುದು. ನೆಟ್ ಇಲ್ಲದ ದಿನವೂ ಆಡಬಹುದು. ಹಳೆಯ ಆಟವಾದರೆ ನಾನು ಮೊದಲು ಅಲ್ಲೇ ನೋಡುತ್ತೇನೆ.

ಗೆಳೆಯರ ಪೆನ್‌ಡ್ರೈವ್‌ನಿಂದ ಹಾಕಿಕೊಳ್ಳುವ ಆಟದ ಬಗ್ಗೆಯೂ ಒಂದು ಮಾತು. ಕದ್ದದ್ದು ಅನ್ನುವುದು ಒಂದು ಕಡೆ ಇರಲಿ. ಒರಟು ಆಟಗಳ ಜೀವ ಇರುವುದೇ ಪ್ಯಾಚ್‌ಗಳಲ್ಲಿ. ಬಿಡುಗಡೆಯ ದಿನ ಇದ್ದ ತೂತುಗಳನ್ನು ಆಮೇಲೆ ಒಂದೊಂದಾಗಿ ಮುಚ್ಚಿರುತ್ತಾರೆ. ಪೆನ್‌ಡ್ರೈವ್‌ನಲ್ಲಿ ಸಿಗುವುದು ಹೆಚ್ಚಾಗಿ ಆ ಮೊದಲ ದಿನದ ತೂತಿನ ಆಟ.

ಗೋಥಿಕ್: ಮೊದಲು ಪೆಟ್ಟು, ಆಮೇಲೆ ಪಾಠ

2001ರಲ್ಲಿ ಬಂದ ಜರ್ಮನಿಯ ಆಟ. ಮಾಡಿದವರು ಪಿರಾನ್ಹಾ ಬೈಟ್ಸ್. ಆ ಕಂಪನಿ 2024ರಲ್ಲಿ ಮುಚ್ಚಿತು, ನನಗೆ ನಿಜವಾಗಿಯೂ ಬೇಸರವಾಯಿತು.

ಕಥೆ ಹೀಗೆ. ಓರ್ಕ್ ಅನ್ನುವ ರಾಕ್ಷಸ ಜಾತಿಯ ಜೊತೆ ಯುದ್ಧ ಮಾಡುತ್ತಿರುವ ರಾಜನಿಗೆ ಅದಿರು ಬೇಕು. ಕೈದಿಗಳನ್ನು ಗಣಿಗೆ ತಳ್ಳಿ, ಅವರು ಓಡಿಹೋಗದಂತೆ ಸುತ್ತಲೂ ಮಾಯದ ಗೋಡೆ ಹಾಕಿಸುತ್ತಾನೆ. ಮಂತ್ರ ಕೈಮೀರಿ, ಗೋಡೆ ಹಾಕಿದ ಮಂತ್ರವಾದಿಗಳೂ ಒಳಗೇ ಸಿಕ್ಕಿಬೀಳುತ್ತಾರೆ. ಕೈದಿಗಳು ಗಣಿಯನ್ನೇ ವಶಪಡಿಸಿಕೊಳ್ಳುತ್ತಾರೆ. ಈಗ ರಾಜನೇ ಅವರಿಗೆ ಸಾಮಾನು ಕಳಿಸಿ ಅದಿರು ಪಡೆಯಬೇಕು. ನಿಮ್ಮನ್ನು ಅಲ್ಲಿಗೆ ಎಸೆಯುತ್ತಾರೆ. ನಿಮಗೆ ಹೆಸರೂ ಇಲ್ಲ. ಒಳಗೆ ಬಿದ್ದ ಕೂಡಲೇ ಮುಖಕ್ಕೆ ಒಂದು ಗುದ್ದು ಬೀಳುತ್ತದೆ. ಡಿಯೆಗೊ ಅನ್ನುವವನು ಬಂದು ಹೊಡೆದವರನ್ನು ಓಡಿಸಿ ನಿಮ್ಮ ಜೊತೆ ಮಾತಾಡುತ್ತಾನೆ.

ಮೊದಲ ತಾಸು ಕಷ್ಟ. ನೆಲದ ಮೇಲಿನ ವಸ್ತು ಎತ್ತಿಕೊಳ್ಳಲು ಕಂಟ್ರೋಲ್ ಕೀ ಹಿಡಿದು ಮುಂದಿನ ಬಾಣದ ಕೀ ಒತ್ತಬೇಕು. ಹೊಡೆಯಲೂ ಹಾಗೇ, ಕಂಟ್ರೋಲ್ ಹಿಡಿದು ಎಡಕ್ಕೆ ಬಲಕ್ಕೆ. ನಮ್ಮ ಹುಡುಗನನ್ನು ಕುಕ್ಕಿ ಕೊಂದದ್ದು ಸ್ಕ್ಯಾವೆಂಜರ್ ಅನ್ನುವ, ಹಾರಲು ಬಾರದ ದೊಡ್ಡ ಹಕ್ಕಿ. ಶುರುವಿನಲ್ಲಿ ಅದು ಎಲ್ಲರನ್ನೂ ಕೊಲ್ಲುತ್ತದೆ. ಪರದೆಯ ಮೂಲೆಯಲ್ಲಿ ದಾರಿ ತೋರಿಸುವ ನಕ್ಷೆ ಇಲ್ಲ. ನಕ್ಷೆ ಬೇಕಾದರೆ ಬರೆಯುವವನ ಹತ್ತಿರ ಹೋಗಿ ಕೊಳ್ಳಬೇಕು.

ಈಗ ಕತ್ತಿಯ ವಿಷಯ. ಶುರುವಿನಲ್ಲಿ ನಾಯಕ ಒಂದು ಕೈಯ ಕತ್ತಿಯನ್ನು ಎರಡೂ ಕೈಯಲ್ಲಿ ಹಿಡಿದು ಕೊಡಲಿಯಂತೆ ಬೀಸುತ್ತಾನೆ. ಆಮೇಲೆ 'ಹಳೇ ಕ್ಯಾಂಪ್' ಅನ್ನುವ ಕೈದಿಗಳ ಊರಿನ ಕಾಳಗದ ಕಣದಲ್ಲಿ ಸ್ಕ್ಯಾಟಿ ಅನ್ನುವವನು ಪಾಠ ಹೇಳಿಕೊಡುತ್ತಾನೆ. ಕಲಿತ ಮೇಲೆ ನೋಡಿ. ಕತ್ತಿ ಒಂದೇ ಕೈಗೆ ಬರುತ್ತದೆ. ನಿಲ್ಲುವ ಭಂಗಿ ಬದಲಾಗುತ್ತದೆ. ಹೊಡೆತಕ್ಕೆ ಹೊಡೆತ ಕೂಡಿಕೊಳ್ಳುತ್ತದೆ. ಬೇರೆ ಆಟಗಳಲ್ಲಿ ಕಲಿಕೆ ಅಂದರೆ ಒಂದು ಅಂಕೆ ಏರುವುದು. ಇಲ್ಲಿ ಮೈ ಬದಲಾಗುವುದು ಕಣ್ಣಿಗೆ ಕಾಣುತ್ತದೆ. ನಮ್ಮ ಕಡೆ ಗರಡಿಮನೆ ನೋಡಿದವರಿಗೆ ಇದು ಗೊತ್ತು. ವಸ್ತಾದರು ಮೊದಲು ಕಲಿಸುವುದು ನಿಲ್ಲುವುದನ್ನು, ಪಟ್ಟು ಆಮೇಲೆ. ಹೊಸ ಹುಡುಗ ನಿಂತ ರೀತಿ ನೋಡಿಯೇ ಅವನಿಗೆ ಎಷ್ಟು ಬರುತ್ತದೆ ಅಂತ ಹೇಳಬಹುದು. ಗೋಥಿಕ್‌ನಲ್ಲೂ ಹಾಗೇ. 2001ರಲ್ಲಿ ಒಂದು ಸಣ್ಣ ತಂಡ ಇದಕ್ಕಾಗಿ ತಮ್ಮ ಹತ್ತಿರ ಇದ್ದ ಸ್ವಲ್ಪ ಸಮಯ ಕೊಟ್ಟಿತಲ್ಲ, ಅದನ್ನು ನೆನೆದರೆ ಗೌರವ ಬರುತ್ತದೆ.

ಲೋಕ ಗಮನಿಸುತ್ತದಾ? ಈ ಆಟದಷ್ಟು ಗಮನಿಸುವುದು ಇಂದಿಗೂ ಕಡಿಮೆ. ಕತ್ತಿ ಎಳೆದು ಊರಲ್ಲಿ ಓಡಾಡಿದರೆ "ಅದನ್ನು ಒಳಗಿಡು" ಅಂತ ಎಚ್ಚರಿಸುತ್ತಾರೆ. ಗುಡಿಸಲಿಗೆ ನುಗ್ಗಿದರೆ ಹೊರಗೆ ಹೋಗು ಅನ್ನುತ್ತಾರೆ. ಜಗಳದಲ್ಲಿ ನೀವು ಬಿದ್ದರೆ ಹೆಚ್ಚಿನವರು ಕೊಲ್ಲುವುದಿಲ್ಲ, ನಿಮ್ಮ ಹತ್ತಿರ ಇದ್ದ ಅದಿರು ಕಿತ್ತುಕೊಂಡು ಹೋಗುತ್ತಾರೆ. ಅಲ್ಲಿ ಅದಿರೇ ದುಡ್ಡು. ಹಗಲು ಕೆಲಸ ಮಾಡುವವರು ರಾತ್ರಿ ಬೆಂಕಿಯ ಸುತ್ತ ಕೂರುತ್ತಾರೆ, ಆಮೇಲೆ ಮಲಗುತ್ತಾರೆ. ಊರಿಗೆ ಕಾಲಿಟ್ಟ ಮೇಲೆ ಬ್ಲಡ್‌ವಿನ್ ಅನ್ನುವ ಕಾವಲುಗಾರ ಬಂದು, ನಿನಗೆ ರಕ್ಷಣೆ ಬೇಕಾದರೆ ಹತ್ತು ಅದಿರು ಕೊಡು ಅನ್ನುತ್ತಾನೆ. ಕೊಡುವುದೋ ಬಿಡುವುದೋ ನಿಮಗೆ ಬಿಟ್ಟದ್ದು. ಕೊಡದಿದ್ದರೆ ಅವನು ಅದನ್ನು ಮರೆಯುವುದಿಲ್ಲ.

ಇದು ಖಡಕ್ ರೊಟ್ಟಿಯಂಥ ಆಟ. ಮೊದಲ ತುಂಡು ಹಲ್ಲಿಗೆ ಗಟ್ಟಿ. ಹಳೆಯ ಲ್ಯಾಪ್‌ಟಾಪ್ ಸಾಕು. ಆದರೆ ಹೊಸ ವಿಂಡೋಸ್‌ನಲ್ಲಿ ನೆಟ್ಟಗೆ ಓಡಲು ಆಟಗಾರರೇ ಮಾಡಿದ ಯೂನಿಯನ್ ಪ್ಯಾಚ್ ಮತ್ತು ಪರದೆಯ ಮೇಲೆ ಚಿತ್ರ ಮೂಡಿಸುವ ಡೈರೆಕ್ಟ್‌ಎಕ್ಸ್ 11 ರೆಂಡರರ್ ಹಾಕಿಕೊಳ್ಳಿ. ಅರ್ಧ ತಾಸಿನ ಕೆಲಸ. ಎರಡನೇ ಭಾಗ 2002ರಲ್ಲಿ ಬಂತು, ಅದು ಇನ್ನೂ ದೊಡ್ಡದು, ಇನ್ನೂ ಒಳ್ಳೆಯದು ಅನ್ನುವವರು ಬಹಳ ಜನ. ಆದರೆ ಅದರ 2003ರ ವಿಸ್ತರಣೆ ಆಟವನ್ನು ಜಾಸ್ತಿ ಕಠಿಣ ಮಾಡುತ್ತದೆ, ಈಗ ಮಾರುವುದು ಹೆಚ್ಚಾಗಿ ಎರಡನ್ನೂ ಸೇರಿಸಿ. ಹಾಗಾಗಿ ಮೊದಲನೆಯದರಿಂದಲೇ ಶುರು ಮಾಡಿ.

ಕೀಬೋರ್ಡ್ ಮಾತ್ರ ಆಗಿಬರುವುದಿಲ್ಲ ಅನ್ನಿಸಿದರೆ ಅದೇ ಕಂಪನಿಯ 2009ರ 'ರೈಸನ್' ಹಾಕಿಕೊಳ್ಳಿ. ಹಡಗು ಒಡೆದು ದ್ವೀಪದ ದಡಕ್ಕೆ ಬಂದು ಬೀಳುತ್ತೀರಿ. ಗುರು, ಗುಂಪು, ಪೆಟ್ಟು ಎಲ್ಲ ಗೋಥಿಕ್‌ನಂತೆಯೇ. ಮೌಸ್ ಹಿಡಿದು ಆಡುವವರಿಗೆ ಬಾಗಿಲು ಇನ್ನೂ ಅಗಲ.

ಟೂ ವರ್ಲ್ಡ್ಸ್: ಮಾತಿನಲ್ಲಿ ಎಡವಿದ ಆಟ

ಪೋಲೆಂಡಿನ ರಿಯಾಲಿಟಿ ಪಂಪ್ 2007ರಲ್ಲಿ ಮಾಡಿದ್ದು. ನಾಯಕನ ತಂಗಿ ಕೀರಾಳನ್ನು ಯಾರೋ ಹೊತ್ತೊಯ್ದಿದ್ದಾರೆ, ಅವಳನ್ನು ಹುಡುಕಬೇಕು. ಬಯಲು ಬಹಳ ದೊಡ್ಡದು.

ಮೊದಲ ಹತ್ತು ನಿಮಿಷದಲ್ಲಿ ಕಿವಿಗೆ ಬೀಳುವುದು ಮಾತು. ಹಳೇ ಕಾಲದ ಇಂಗ್ಲಿಷ್. 'ಮೇಹ್ಯಾಪ್', 'ವೆರಿಲಿ', 'ಫಾರ್‌ಸೂತ್' ಅಂತ ಎರಡು ಮಾತಿಗೊಮ್ಮೆ ಬರುತ್ತದೆ. ಹಳೇ ಮಾತು ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ನಮ್ಮ ದೊಡ್ಡಾಟದಲ್ಲಿ ರಾಜ ಬಂದು "ಭಳಿರೇ" ಅಂದರೆ ಮೈ ಜುಂ ಅನ್ನುತ್ತದೆ. ಅಲ್ಲಿ ಆ ಮಾತನ್ನು ಹೊತ್ತು ತರುವ ಕಂಠ ಇದೆ, ಹೆಜ್ಜೆ ಇದೆ, ಹಿಂದೆ ಮದ್ದಳೆ ಇದೆ. ಈ ಆಟದಲ್ಲಿ ಮಾತು ಮಾತ್ರ ಇದೆ, ಹೇಳುವವರ ದನಿಯಲ್ಲಿ ಏರಿಳಿತ ಇಲ್ಲ. ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗರಿಗಂತೂ ಏನು ಕೆಲಸ ಕೊಟ್ಟರು ಅಂತಲೇ ತಿಳಿಯುವುದು ಕಷ್ಟ. ನಮ್ಮ ಹುಡುಗ ಪಕ್ಕದಲ್ಲಿ ಕೂತು ನೋಡಿ, "ಇವ್ರ ಮಾತಿಗೆ ಇನ್ನೊಂದು ಡಿಕ್ಷನರಿ ಬೇಕಲ್ಲಣ್ಣಾ" ಅಂದ.

ಆದರೆ ಇದರಲ್ಲಿ ಒಂದು ಒಳ್ಳೆಯ ಯೋಚನೆ ಇದೆ. ಒಂದೇ ಬಗೆಯ ಎರಡು ಕತ್ತಿ ಸಿಕ್ಕರೆ ಕೂಡಿಸಿ ಒಂದು ಬಲವಾದ ಕತ್ತಿ ಮಾಡಿಕೊಳ್ಳಬಹುದು. ಗುರಾಣಿ, ಕವಚಗಳಿಗೂ ಹಾಗೇ. ಮಂತ್ರಗಳು ಚೀಟಿಯ ರೂಪದಲ್ಲಿ ಸಿಗುತ್ತವೆ, ಅವನ್ನೂ ಕೂಡಿಸಬಹುದು. ಹಾಗಾಗಿ ಬಿದ್ದ ಸಾಮಾನು ಯಾವುದೂ ಕಸ ಅನ್ನಿಸುವುದಿಲ್ಲ. ಎರಡು ತಾಸಿನಲ್ಲಿ ಇದರ ರುಚಿ ಹತ್ತಿಬಿಡುತ್ತದೆ. ಸತ್ತರೆ ಹತ್ತಿರದ ಗುಡಿಯಂಥ ಜಾಗದಲ್ಲಿ ಎದ್ದು ನಿಲ್ಲುತ್ತೀರಿ. ಸೋಲಿಗೆ ಬೆಲೆಯೇ ಇಲ್ಲ. ಕುದುರೆ ಸಿಗುತ್ತದೆ, ಆದರೆ ಹೇಳಿದ ಕಡೆ ತಿರುಗುವುದಿಲ್ಲ. ನಾನು ನಡೆದೇ ಹೋಗುತ್ತಿದ್ದೆ.

ದಣಿದು ಬಂದ ರಾತ್ರಿ ಮುಕ್ಕಾಲು ತಾಸು ಅಡ್ಡಾಡಿ, ಸಾಮಾನು ಕೂಡಿಸಿ ಮಲಗುವವರಿಗೆ ಇದು ಸರಿ. ಕಥೆ, ಮನುಷ್ಯರು ಬೇಕು ಅನ್ನುವವರಿಗೆ ಬೇಡ. ಕೊಳ್ಳುವುದಾದರೆ 'ಎಪಿಕ್ ಎಡಿಷನ್' ಅಂತ ಬರೆದದ್ದನ್ನೇ ಕೊಳ್ಳಿ.

ಔಟ್‌ವರ್ಡ್: ಸಾಲದಿಂದ ಶುರುವಾಗುವ ಆಟ

ಈ ಪಟ್ಟಿಯಲ್ಲಿ ನನಗೆ ಅತಿ ಹೆಚ್ಚು ಇಷ್ಟವಾದದ್ದು ಇದು. ಹಾಗಂತ ಎಲ್ಲರಿಗೂ ಹೇಳುವುದಿಲ್ಲ. ಇದನ್ನು ಆಡಿದ್ದು ತಂಗಿಯ ಕಂಪ್ಯೂಟರ್‌ನಲ್ಲಿ. ನನ್ನ ಲ್ಯಾಪ್‌ಟಾಪ್‌ನಲ್ಲಿ ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ, ಅದರಲ್ಲಿ ಇದು ಎಳೆದಾಡುತ್ತದೆ.

ಕೆನಡಾದ ಕ್ವಿಬೆಕ್‌ನ ನೈನ್ ಡಾಟ್ಸ್ ಅನ್ನುವ ಸಣ್ಣ ಸ್ಟುಡಿಯೋ 2019ರ ಮಾರ್ಚ್‌ನಲ್ಲಿ ಬಿಡುಗಡೆ ಮಾಡಿತು. ನೀವು ಇಲ್ಲಿ ಲೋಕ ಕಾಯಲು ಹುಟ್ಟಿದವರಲ್ಲ. ಹಡಗು ಒಡೆದು ಬರಿಗೈಯಲ್ಲಿ ಊರಿಗೆ ಬರುತ್ತೀರಿ. ಊರಿನ ಹೆಸರು ಸಿಯೆರ್ಜೊ. ಮನೆಯ ಮುಂದೆ ಜನ ನಿಂತಿದ್ದಾರೆ. ಮನೆತನದ ಮೇಲೆ ಹಳೇ ಋಣ ಇದೆ. ಐದು ದಿನದಲ್ಲಿ 150 ಬೆಳ್ಳಿ ನಾಣ್ಯ ಕಟ್ಟಬೇಕು, ಇಲ್ಲವಾದರೆ ಮನೆ ಹೋಗುತ್ತದೆ.

ಇಷ್ಟೇ. ರಾಕ್ಷಸ ಇಲ್ಲ, ಭವಿಷ್ಯವಾಣಿ ಇಲ್ಲ. ಸಾಲ, ಗಡುವು, ಮನೆ. ಮೊದಲ ದಿನ ನಾನು ಮೀನು ಹಿಡಿದು ಮಾರಿದೆ. ಕಡಲ ದಡದಲ್ಲಿ ಸಿಕ್ಕ ತುಕ್ಕಿನ ಸಾಮಾನು ಮಾರಿದೆ. ಮೂರನೇ ದಿನಕ್ಕೆ ಕೈಯಲ್ಲಿ ಅರವತ್ತು ನಾಣ್ಯ ಇತ್ತು. ಎದೆ ಡವಗುಟ್ಟುತ್ತಿತ್ತು. ಊರಿಗೆ ಉಪಕಾರ ಮಾಡಿ ಋಣ ತೀರಿಸುವ ದಾರಿಯೂ ಇದೆ ಅಂತ ಆಮೇಲೆ ಗೊತ್ತಾಯಿತು. ಗಡುವು ಮೀರಿದರೂ ಆಟ ಮುಗಿಯುವುದಿಲ್ಲ. ಮನೆ ಇಲ್ಲದವನಾಗಿ ಮುಂದುವರಿಯುತ್ತೀರಿ.

ಕೈಯ ಒರಟು ಇದರಲ್ಲಿ ಬಹಳ. ಹೊಡೆತಗಳು ನಿಧಾನ. ಬೆನ್ನಮೇಲೆ ಚೀಲ ಇದ್ದರೆ ಉರುಳಿ ತಪ್ಪಿಸಿಕೊಳ್ಳುವುದು ಭಾರ. ಹಾಗಾಗಿ ಜಗಳ ಬಂದಾಗ ಒಂದು ಕೀ ಒತ್ತಿ ಚೀಲ ಕೆಳಗಿಳಿಸಬೇಕು. ಆಮೇಲೆ ಅದನ್ನು ಎಲ್ಲಿ ಇಳಿಸಿದ್ದು ಅಂತ ನೆನಪಿರಬೇಕು. ಕತ್ತಲಲ್ಲಿ ಗಾಬರಿಯಿಂದ ಓಡಿ, ಚೀಲ ಸಿಗದೆ, ನೀರು ಊಟ ಎಲ್ಲ ಅದರಲ್ಲೇ ಉಳಿದು, ಬೆಳಕು ಹರಿಯುವ ತನಕ ಅಲೆದಿದ್ದೇನೆ. ನಕ್ಷೆ ಇದೆ, ಆದರೆ ಅದರಲ್ಲಿ ನೀವು ಎಲ್ಲಿದ್ದೀರಿ ಅಂತ ತೋರಿಸುವುದಿಲ್ಲ. ಗುಡ್ಡ ನೋಡಿ, ಗೋಪುರ ನೋಡಿ ದಾರಿ ಹಿಡಿಯಬೇಕು. ಒಂದು ಊರಿಂದ ಇನ್ನೊಂದಕ್ಕೆ ಚಿಟಿಕೆ ಹೊಡೆದಂತೆ ಹಾರುವ ಸೌಕರ್ಯ ಇಲ್ಲ, ನಡೆಯಬೇಕು. ನಡೆಯಬೇಕಾದರೆ ಬುತ್ತಿ ಕಟ್ಟಿಕೊಳ್ಳಬೇಕು.

ಬಾಯಾರಿಕೆ, ಹಸಿವು, ನಿದ್ದೆ, ಚಳಿ, ಬಿಸಿಲು ಎಲ್ಲ ಲೆಕ್ಕಕ್ಕೆ ಬರುತ್ತವೆ. ಮುಂದೆ ಅಬ್ರಸ್ಸರ್ ಅನ್ನುವ ಮರುಭೂಮಿ ಬರುತ್ತದೆ. ತೆಳ್ಳನೆ ಬಟ್ಟೆ, ತುಂಬಿದ ನೀರಿನ ಚೀಲ ಇಲ್ಲದೆ ಅಲ್ಲಿ ಮಧ್ಯಾಹ್ನ ಹೊರಟರೆ ಆಗುವುದಿಲ್ಲ. ಮೇ ತಿಂಗಳಲ್ಲಿ ಬಾಗಲಕೋಟೆಯಿಂದ ವಿಜಯಪುರಕ್ಕೆ ಬೈಕಿನಲ್ಲಿ ಹೋದವರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಬೆಳಗ್ಗೆ ಬೇಗ ಹೊರಡು, ನೆರಳು ಸಿಕ್ಕಲ್ಲಿ ನಿಲ್ಲು.

ಸೋಲು ಇಲ್ಲಿ ಸಾವಾಗುವುದಿಲ್ಲ. ಕಣ್ಣು ಬಿಟ್ಟರೆ ಎಲ್ಲೋ ಇರುತ್ತೀರಿ. ಒಮ್ಮೆ ದರೋಡೆಕೋರರ ಸೆರೆಯಲ್ಲಿ, ಒಮ್ಮೆ ಯಾರೋ ದಾರಿಹೋಕರು ಎತ್ತಿ ತಂದು ಮಲಗಿಸಿದ ಜಾಗದಲ್ಲಿ. ಮಂತ್ರ ಕಲಿಯಬೇಕಾದರೆ ಬೆಟ್ಟದೊಳಗೆ ಹೋಗಿ ನಿಮ್ಮ ಜೀವಬಲ, ತ್ರಾಣದ ಒಂದು ಪಾಲನ್ನು ಶಾಶ್ವತವಾಗಿ ಕೊಡಬೇಕು. ಎಷ್ಟು ಕೊಡುತ್ತೀರಿ ಅನ್ನುವುದು ನಿಮ್ಮ ಕೈಯಲ್ಲಿ. ನಾನು ಅಲ್ಲಿ ಹತ್ತು ನಿಮಿಷ ಸುಮ್ನೆ ನಿಂತಿದ್ದೆ.

ಒಂದು ಎಚ್ಚರಿಕೆ. ಬೇಕಾದ ಕಡೆ ಸೇವ್ ಮಾಡುವುದು ಇದರಲ್ಲಿ ಇಲ್ಲ, ಆಟವೇ ತಾನಾಗಿ ಮಾಡಿಕೊಳ್ಳುತ್ತದೆ. ತಪ್ಪು ಮಾಡಿದರೆ ಅದರ ಜೊತೆಗೇ ಮುಂದೆ ಹೋಗಬೇಕು. ಕರೆಂಟು ಹೋಗುವ ಮನೆಯಲ್ಲಿ ಡೆಸ್ಕ್‌ಟಾಪ್ ಇದ್ದರೆ ಯುಪಿಎಸ್ ಹಾಕಿಸಿಕೊಂಡೇ ಆಡಿ.

ಇಬ್ಬರು ಆಡಬಹುದು ಅನ್ನುವುದು ಇದರ ದೊಡ್ಡ ಗುಣ. ಒಂದೇ ಪರದೆಯನ್ನು ಎರಡು ಭಾಗ ಮಾಡಿ, ಒಬ್ಬರು ಕೀಬೋರ್ಡ್, ಒಬ್ಬರು ಕಂಟ್ರೋಲರ್ ಹಿಡಿದು ಆಡುತ್ತಾರೆ. ನಾನೂ ತಂಗಿಯೂ ಹಾಗೇ ಆಡಿದೆವು. ನಾನು ಹೊಡೆಯಲು ಹೋದರೆ ಅವಳು ದೀಪ ಹಿಡಿಯುತ್ತಿದ್ದಳು. "ಚೀಲ ಇಲ್ಲೇ ಇಟ್ಟೀಯಣ್ಣಾ, ಕಲ್ಲಿನ ಬಾಜೂಕ" ಅಂತ ನೆನಪಿಸುತ್ತಿದ್ದಳು. ಒಬ್ಬನೇ ಆಡಿದಾಗ ಒರಟು ಅನ್ನಿಸಿದ್ದೆಲ್ಲ ಇಬ್ಬರಾದಾಗ ಮಾತಿಗೆ ವಿಷಯವಾಯಿತು. ಮನೆಯಲ್ಲಿ ಅಣ್ಣತಮ್ಮ, ಅಕ್ಕತಂಗಿ ಇದ್ದು ಒಂದು ಒಳ್ಳೆಯ ಕಂಪ್ಯೂಟರ್ ಇದ್ದರೆ ಬೇರೆ ಯೋಚನೆ ಬೇಡ.

ಡ್ರೋವಾ: ಲ್ಯಾಪ್‌ಟಾಪ್ ಸಣ್ಣದಿದ್ದವರಿಗೆ

2024ರ ಅಕ್ಟೋಬರ್‌ನಲ್ಲಿ ಬಂತು. ಜಸ್ಟ್‌ಟೂಡಿ ಅನ್ನುವ ಜರ್ಮನ್ ತಂಡದ್ದು. ಗೋಥಿಕ್ ಆಡಿ ಬೆಳೆದವರು ಮಾಡಿದ್ದು ಅಂತ ಮೊದಲ ತಾಸಿನಲ್ಲೇ ತಿಳಿಯುತ್ತದೆ. ಗುರುಗಳಿಂದ ಕಲಿಯಬೇಕು. ಎರಡು ಗುಂಪಿನಲ್ಲಿ ಒಂದನ್ನು ಸೇರಬೇಕು. ಶುರುವಿನಲ್ಲಿ ನೀವು ಯಾರಿಗೂ ಲೆಕ್ಕಕ್ಕಿಲ್ಲ. ಆದರೆ ಎಲ್ಲ ಮೇಲಿಂದ ನೋಡುವ ಪಿಕ್ಸೆಲ್ ಚಿತ್ರ. ಹಾಗಾಗಿ ಮುಖದ ಒರಟಿನ ಪ್ರಶ್ನೆಯೇ ಏಳುವುದಿಲ್ಲ. ಮಾಡಿದವರು ತಮ್ಮ ಶಕ್ತಿ ಎಷ್ಟು ಅಂತ ತಿಳಿದು, ಅಷ್ಟರಲ್ಲೇ ಅಚ್ಚುಕಟ್ಟಾಗಿ ಮಾಡಿದ್ದಾರೆ. ಕಾಡಿನ ಬಣ್ಣ, ಕಾಡಿನ ಸದ್ದು ಬಹಳ ಚಂದ.

ಕೊರತೆ ಅಂದರೆ ಓದು ಜಾಸ್ತಿ. ಸಾಲುಗಟ್ಟಲೆ ಇಂಗ್ಲಿಷ್ ಓದಬೇಕು. ಆದರೆ ಆ ಇಂಗ್ಲಿಷ್ ಸರಳ, ಟೂ ವರ್ಲ್ಡ್ಸ್‌ನಂತೆ ಅಲ್ಲ. ಗೋಥಿಕ್‌ಗೆ ಎರಡು ತಾಸು ಕೊಟ್ಟೂ ಬೆರಳು ಒಗ್ಗದವರು ಇದನ್ನು ತೆಗೆದುಕೊಳ್ಳಿ. ಅದೇ ಮನೆಯ ಇನ್ನೊಂದು ಬಾಗಿಲು ಇದು.

ಇನ್ನೆರಡು, ಬೇಗ ಬೇಗ

'ಗ್ರೀಡ್‌ಫಾಲ್', 2019, ಪ್ಯಾರಿಸ್‌ನ ಸ್ಪೈಡರ್ಸ್ ಕಂಪನಿಯದು. ಇದಕ್ಕೆ ಗೇಮಿಂಗ್ ಕಂಪ್ಯೂಟರ್ ಬೇಕು. ಪಟ್ಟಿಯಲ್ಲಿ ಅತಿ ಚಂದ ಕಾಣುವುದು ಇದೇ. ಹೊಸ ದ್ವೀಪಕ್ಕೆ ಬಂದು ನೆಲೆಸಿದವರು, ಅಲ್ಲಿಯ ಮೂಲ ಜನ, ನಡುವೆ ರಾಯಭಾರಿಯಾಗಿ ನೀವು. ಮೂಲ ಜನರಿಗೆಂದೇ ಒಂದು ಭಾಷೆ ಕಟ್ಟಿದ್ದಾರೆ, ಅದನ್ನು ಕೇಳುವುದೇ ಖುಷಿ. ಕೊರತೆ ಕಾಣುವುದು ಕಟ್ಟಡಗಳಲ್ಲಿ. ಒಂದು ನಗರದ ಅರಮನೆಯ ಒಳಗೆ ಹೋದಂತೆಯೇ ಇನ್ನೊಂದರ ಒಳಗೂ ಇರುತ್ತದೆ, ಅದೇ ಮೆಟ್ಟಿಲು, ಅದೇ ಕೋಣೆ. ಕತ್ತಿಗಿಂತ ಮಾತು ಇಷ್ಟಪಡುವವರಿಗೆ, ಜೊತೆಗಾರರು ಬೇಕು ಅನ್ನುವವರಿಗೆ ಇದು.

'ಡ್ರೆಡ್ ಡೆಲ್ಯೂಷನ್', 2024. ತೇಲುವ ದ್ವೀಪಗಳ ಲೋಕ. ಚಿತ್ರ ನೋಡಿದರೆ ಮೊದಲ ಪ್ಲೇಸ್ಟೇಷನ್ ಕಾಲದ್ದು ಅನ್ನಿಸುತ್ತದೆ, ಬೇಕಂತಲೇ ಹಾಗೆ ಮಾಡಿದ್ದಾರೆ. ಇದರಲ್ಲಿ ಕೊಂದದ್ದಕ್ಕೆ ಯಾವ ಅಂಕವೂ ಸಿಗುವುದಿಲ್ಲ. ಮೂಲೆ ಮೂಲೆ ಹುಡುಕಿದರೆ ಮಾತ್ರ ಬೆಳೆಯುತ್ತೀರಿ. ಹೊಡೆದಾಟ ಬೇಡ, ಸುಮ್ನೆ ಅಲೆಯಬೇಕು ಅನ್ನುವವರು ನೇರವಾಗಿ ಇದಕ್ಕೇ ಬನ್ನಿ.

ಇಷ್ಟು ಕಷ್ಟಪಟ್ಟು ಯಾಕೆ ಆಡಬೇಕು ಅಂದರೆ

ನಮ್ಮ ಹುಡುಗ ಇದನ್ನೂ ಕೇಳಿದ. ಅವನನ್ನು ಭಾನುವಾರ ಐಹೊಳೆಗೆ ಕರೆದುಕೊಂಡು ಹೋದೆ. ಹೇಗೂ ಹೋಗುವುದಿತ್ತು, ತಂಗಿಗೆ ಫೋಟೋ ಬೇಕಿತ್ತು.

ಲಾಡಖಾನ್ ಗುಡಿಯ ಚಾವಣಿ ನೋಡಿ. ಇಳಿಜಾರಿನ ಕಲ್ಲು ಚಪ್ಪಡಿಗಳು, ಅವುಗಳ ಸಂದಿ ಮುಚ್ಚಲು ಮರದ ತೊಲೆಯಂತೆ ಕಡೆದ ಉದ್ದುದ್ದ ಕಲ್ಲು. ಮರದಲ್ಲಿ ಮನೆ ಕಟ್ಟಿ ಗೊತ್ತಿದ್ದವರು ಕಲ್ಲಿನಲ್ಲಿ ಅದನ್ನೇ ಮಾಡಿ ನೋಡಿದ್ದಾರೆ. ಕಂಬಗಳು ದಪ್ಪ, ಒಳಗೆ ಕತ್ತಲೆ. ಸ್ವಲ್ಪ ದೂರದ ದುರ್ಗ ಗುಡಿಗೆ ಹೋದರೆ ಹಿಂಭಾಗ ಗುಂಡಗೆ ತಿರುಗುತ್ತದೆ. ಅದೂ ಒಂದು ಪ್ರಯತ್ನ. ಇಂಥ ಪ್ರಯತ್ನಗಳು ಆದ ಮೇಲೆ, ಎಂಟನೇ ಶತಮಾನದಲ್ಲಿ ಪಟ್ಟದಕಲ್ಲಿನಲ್ಲಿ ಚಾಲುಕ್ಯ ರಾಣಿ ಲೋಕಮಹಾದೇವಿ ಕಟ್ಟಿಸಿದ ವಿರೂಪಾಕ್ಷ ಗುಡಿ ಎದ್ದು ನಿಂತಿತು. ಚಂದ ನೋಡಲು ಜನ ಪಟ್ಟದಕಲ್ಲಿಗೆ ಹೋಗುತ್ತಾರೆ, ಸರಿಯೇ. ನನಗೆ ಐಹೊಳೆಯಲ್ಲಿ ಹೊತ್ತು ಹೋದದ್ದು ತಿಳಿಯುವುದಿಲ್ಲ. ಅಲ್ಲಿ ಕಟ್ಟಿದವನ ಯೋಚನೆ ಕಲ್ಲಿನ ಮೇಲೆ ಹಾಗೇ ಉಳಿದಿದೆ.

ಆಟಗಳಲ್ಲೂ ಹೀಗೇ ಆಗಿದೆ. ಬೆಲ್ಜಿಯಂನ ಲೇರಿಯನ್ ಕಂಪನಿ 2002ರಲ್ಲಿ 'ಡಿವೈನ್ ಡಿವಿನಿಟಿ' ಅನ್ನುವ ಒರಟು ಆಟ ಮಾಡಿತ್ತು. 2023ರಲ್ಲಿ ಬಾಲ್ಡರ್ಸ್ ಗೇಟ್ 3 ಮಾಡಿದವರೂ ಅವರೇ. ಪೋಲೆಂಡಿನ ಸಿಡಿ ಪ್ರಾಜೆಕ್ಟ್ 2007ರಲ್ಲಿ ಮೊದಲ 'ವಿಚರ್' ತಂದಾಗ ಅದರಲ್ಲೂ ಒಂದೇ ಮುಖದ ಜನ ಬೀದಿ ಬೀದಿಯಲ್ಲಿ ಸಿಗುತ್ತಿದ್ದರು. ಮುಂದಿನ ವರ್ಷ ತಿದ್ದಿದ ಆವೃತ್ತಿ ತಂದರು, ಮೊದಲೇ ಕೊಂಡವರಿಗೆ ಅದನ್ನು ಪುಕ್ಕಟೆ ಕೊಟ್ಟರು.

ಐಹೊಳೆಯಿಂದ ಬಂದ ರಾತ್ರಿ ಹುಡುಗ ಗೋಥಿಕ್ ಮತ್ತೆ ಹಾಕಿಕೊಂಡ. ಯೂನಿಯನ್ ಪ್ಯಾಚ್ ನಾನೇ ಹಾಕಿಕೊಟ್ಟೆ. ಹಕ್ಕಿ ಕಂಡರೆ ದೂರದಿಂದ ಸುತ್ತಿ ಹೋಗು, ಡಿಯೆಗೊ ಹೇಳಿದ್ದನ್ನು ಪೂರ್ತಿ ಕೇಳು, ಮೊದಲು ಸ್ಕ್ಯಾಟಿಯನ್ನು ಹುಡುಕು, ಇಷ್ಟು ಮಾತ್ರ ಹೇಳಿದೆ. ಮಾರನೇ ದಿನ ವಿದ್ಯಾಗಿರಿಯ ಅವರ ಮನೆಗೆ ವಾಪಸ್ ಹೋದ. ರಾತ್ರಿ ಹನ್ನೊಂದೂವರೆಗೆ ಫೋನ್ ಬಂತು. ಹಿಂದೆ ಅತ್ತೆ ಬೈಯುತ್ತಿರುವುದು ಕೇಳಿಸುತ್ತಿತ್ತು.

"ಅಣ್ಣಾ, ಈ ಬ್ಲಡ್‌ವಿನ್‌ಗ ಹತ್ತು ಅದಿರು ಕೊಡ್ಲೋ ಬ್ಯಾಡೋ? ನನ್ನ ಕಡೆ ಹನ್ನೆರಡ ಅದಾವ."